ಪುಣೆಯಿಂದ ರಾಯಗಡ: ಅರಮನೆಗೆ ಒಂದು ಪೂರ್ತಿ ದಿನ ಇಡಿ

ಪುಣೆಯಲ್ಲಿರುವ ನಮ್ಮ ಕನ್ನಡದವರ ಮನೆಗೆ ಊರಿಂದ ನೆಂಟರು ಬಂದರೆ ಶನಿವಾರವಾಡಾ ಆಯಿತು, ಸಿಂಹಗಡ ಆಯಿತು, ಅಲ್ಲಿಗೆ ಮುಗಿಯುತ್ತದೆ. ಇನ್ನೊಂದು ದಿನ ಸಿಕ್ಕರೆ ಶಿವಾಜಿ ಮಹಾರಾಜರ ರಾಜಧಾನಿಯಾಗಿದ್ದ ಬೆಟ್ಟದ ಕೋಟೆ ರಾಯಗಡಕ್ಕೆ ಕರೆದುಕೊಂಡು ಹೋಗಿ. ಆದರೆ ರೋಪ್‌ವೇಯಲ್ಲಿ ಹತ್ತಿ, ಸಿಂಹಾಸನದ ಮುಂದೆ ಫೋಟೋ ತೆಗೆದು, ಗಂಟೆಯೊಳಗೆ ಇಳಿದು ಬರಬೇಡಿ. ಬಹಳ ಜನ ಹಾಗೇ ಮಾಡುತ್ತಾರೆ, ನೋಡಿದರೆ ಬೇಜಾರಾಗುತ್ತದೆ.

ನಾವು ಡಿಸೆಂಬರಿನಲ್ಲಿ ಹೋದೆವು, ಧಾರವಾಡದಿಂದ ಬಂದಿದ್ದ ಅತ್ತೆ ಮಾವನೂ ಇದ್ದರು. ಚಾಂದನಿ ಚೌಕ ದಾಟಿ ಪೌಡ, ಮುಳಶಿ, ತಾಮ್ಹಿಣಿ ಘಾಟ್, ನಿಜಾಂಪುರ, ಆಮೇಲೆ ಕೋಟೆಯ ಬುಡದ ಊರು ಪಾಚಾಡ. ಸುಮಾರು 4 ಗಂಟೆ ಬೇಕು, ಹಾಗಾಗಿ ಬೆಳಗ್ಗೆ 5ಕ್ಕೇ ಹೊರಡಿ. ಘಾಟ್‌ನಲ್ಲಿ ತಿರುವು ಜಾಸ್ತಿ, ಹೊಟ್ಟೆ ತೊಳಸುವವರಿದ್ದರೆ ಮಾತ್ರೆ ಇಟ್ಟುಕೊಳ್ಳಿ. ಭೋರ್ ಮೇಲಿಂದ ವರಂಧಾ ಘಾಟ್ ಇಳಿದು ಮಹಾಡ್ ಸೇರುವ ದಾರಿಯೂ ಇದೆ, ಮಳೆಗಾಲದಲ್ಲಿ ಅದು ಎಷ್ಟೋ ಸಲ ಮುಚ್ಚಿರುತ್ತದೆ. ಮುಂಬೈಯವರಿಗೆ ಗೋವಾ ಹೆದ್ದಾರಿ ಸುಲಭ.

ಮೆಟ್ಟಿಲು ಸಾವಿರಕ್ಕೂ ಜಾಸ್ತಿ. ವಯಸ್ಸಾದವರನ್ನು ರೋಪ್‌ವೇಗೆ ಹತ್ತಿಸಿ, ಮಂಡಿ ಗಟ್ಟಿ ಇರುವವರು ನಡೆದೇ ಹತ್ತಿ. ಯಾಕೆಂದರೆ ಕೋಟೆಯ ಹೆಬ್ಬಾಗಿಲು ಮಹಾದರವಾಜಾ ಸಿಗುವುದು ನಡೆಯುವ ದಾರಿಯಲ್ಲಿ ಮಾತ್ರ. ಎರಡು ದೊಡ್ಡ ಬುರುಜುಗಳ ನಡುವೆ ದಾರಿ ಹೇಗೆ ತಿರುಗುತ್ತದೆ ಅಂದರೆ, ಹತ್ತಿರ ಬರುವ ತನಕ ಬಾಗಿಲು ಎಲ್ಲಿದೆ ಅಂತಲೇ ಗೊತ್ತಾಗುವುದಿಲ್ಲ. ರೋಪ್‌ವೇಗೆ ಶನಿವಾರ, ಭಾನುವಾರ ಭಾರಿ ಸಾಲು, ಆನ್‌ಲೈನಿನಲ್ಲೇ ಬುಕ್ ಮಾಡಿ. ಗಾಳಿ ಮಳೆ ಜೋರಾದರೆ ಅದು ನಿಲ್ಲುತ್ತದೆ.

ಮೇಲೆ ಹೋದ ತಕ್ಷಣ ಗೈಡ್ ಹಿಡಿಯಿರಿ, ದುಡ್ಡು ಉಳಿಸಬೇಡಿ. ರೋಪ್‌ವೇ ನಿಮ್ಮನ್ನು ಮೇಣಾ ದರವಾಜಾ ಹತ್ತಿರ, ಅಂದರೆ ಅರಮನೆಯ ಹಿಂಬದಿಗೆ ಬಿಡುತ್ತದೆ. ಅಲ್ಲಿಂದ ಸುಮ್ನೆ ನುಗ್ಗಿದರೆ ಬರೀ ಕಲ್ಲಿನ ಕಟ್ಟೆಗಳು ಕಾಣುತ್ತವೆ. 1818ರಲ್ಲಿ ಬ್ರಿಟಿಷರು ತೋಪು ಹಾರಿಸಿದಾಗ ಬೆಂಕಿ ಬಿದ್ದು ಮರದ ಭಾಗವೆಲ್ಲ ಸುಟ್ಟುಹೋಯಿತು, ಉಳಿದಿರುವುದು ಅಡಿಪಾಯ. ಅದಕ್ಕೇ ನನ್ನ ಮಾತು ಕೇಳಿ, ಸುತ್ತಿ ಬಂದು ನಗಾರಖಾನೆಯ, ಅಂದರೆ ನಗಾರಿ ಬಾರಿಸುತ್ತಿದ್ದ ಕಟ್ಟಡದ, ಬಾಗಿಲಿಂದಲೇ ಒಳಗೆ ಹೋಗಿ. ಎತ್ತರದ ಆ ಬಾಗಿಲು ದಾಟಿದ ಕೂಡಲೇ ಎದುರಿಗೆ ಇಡೀ ರಾಜಸಭೆ ಬಿಚ್ಚಿಕೊಳ್ಳುತ್ತದೆ, ಕೊನೆಯಲ್ಲಿ ಸಿಂಹಾಸನದ ಜಾಗ. 1674ರ ಜೂನ್ 6ರಂದು ಶಿವಾಜಿ ಮಹಾರಾಜರ ಪಟ್ಟಾಭಿಷೇಕ ಆದದ್ದು ಅಲ್ಲೇ. ನಮ್ಮ ಗೈಡ್ ಸಿಂಹಾಸನದ ಹತ್ತಿರ ನಿಂತು ಒಂದು ಹಾಳೆ ಹರಿದರು, ಅಷ್ಟು ದೂರದ ಬಾಗಿಲಲ್ಲಿದ್ದ ನಮಗೆ ಆ ಪರ್ ಅನ್ನುವ ಸದ್ದು ಸ್ಪಷ್ಟವಾಗಿ ಕೇಳಿಸಿತು. ಮೈಕಿಲ್ಲದ ಕಾಲ, ಎಂಥ ಲೆಕ್ಕಾಚಾರ ನೋಡಿ! ಮಾವ ಇನ್ನೊಂದು ಸಲ ಹರಿಯಲು ಹೇಳಿದರು.

ಆಮೇಲೆ ರಾಣಿಯರ ಮಹಲು. ಅಲ್ಲಿ ಗೋಡೆಯ ಬುಡದಲ್ಲಿ ಶೌಚದ ನೀರು ಹೊರಗೆ ಹೋಗಲು ಮಾಡಿದ ಕಲ್ಲಿನ ದಾರಿಯನ್ನು ಬಗ್ಗಿ ನೋಡಿ. ಗಂಗಾಸಾಗರ ಕೆರೆ, ಅದರ ಪಕ್ಕದ ಗೋಪುರಗಳು, ಎರಡು ಸಾಲಿನ ಬಾಜಾರಪೇಟೆ, ಎಲ್ಲ ಹತ್ತಿರ ಹತ್ತಿರವೇ ಇವೆ. ಟಕಮಕ ಅನ್ನುವ ಕಡಿದಾದ ಬಂಡೆಯ ತುದಿಗೆ ಮಕ್ಕಳ ಕೈ ಹಿಡಿದೇ ಹೋಗಿ, ಗಾಳಿ ತಳ್ಳುತ್ತದೆ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಜಗದೀಶ್ವರ ದೇವಸ್ಥಾನದ ಒಂದು ಮೆಟ್ಟಿಲು. ಕೋಟೆ ಕಟ್ಟಿಸಿದ ಹಿರೋಜಿ ಇಂದುಲ್ಕರ್ ತನ್ನ ಹೆಸರಿನ ಜೊತೆ ಸೇವೆಗೆ ಸದಾ ಸಿದ್ಧ ಅಂತ ಆ ಮೆಟ್ಟಿಲಿನ ಮೇಲೆ ಕೆತ್ತಿಸಿದ್ದಾನೆ. ಜನ ತುಳಿದುಕೊಂಡೇ ಹೋಗುತ್ತಾರೆ. ಮಹಾರಾಜರ ಸಮಾಧಿಯೂ ಈ ದೇವಸ್ಥಾನದ ಹತ್ತಿರವೇ ಇದೆ, ರೋಪ್‌ವೇ ಅವಸರದಲ್ಲಿ ಅರ್ಧ ಜನ ಇಲ್ಲಿಯ ತನಕ ಬರುವುದೇ ಇಲ್ಲ.

ಊಟಕ್ಕೆ ಮೇಲಿನ ಗುಡಿಸಲುಗಳಲ್ಲಿ ಝುಣಕ ಭಾಕ್ರಿ (ಕಡಲೆಹಿಟ್ಟಿನ ಪಲ್ಯ, ರೊಟ್ಟಿ), ಮಜ್ಜಿಗೆ ಸಿಗುತ್ತದೆ. ಅತ್ತೆ ಅಕ್ಕಿ ಭಾಕ್ರಿ ನೋಡಿ "ಜೋಳದ್ದಿಲ್ಲೇನ್ರೀ?" ಅಂದರು, ಆದರೆ ಎರಡು ತಿಂದರು. ಚಿಲ್ಲರೆ ನೋಟು ಇರಲಿ, ಅಲ್ಲಿ ಫೋನ್ ನಂಬಿ ಕೂರಬೇಡಿ. ನೆರಳು ಕಡಿಮೆ, ಟೋಪಿ ಬೇಕೇ ಬೇಕು. ಏಪ್ರಿಲ್, ಮೇ ಬೇಡ. ಜೂನ್ 6ಕ್ಕೆ ಉತ್ಸವ ನೋಡುವ ಆಸೆ ಇದ್ದರೆ ಸರಿ, ಕಲ್ಲು ಕಲ್ಲು ನೋಡಬೇಕೆಂದರೆ ಆ ವಾರ ಬಿಡಿ.

ಇಳಿದ ಮೇಲೆ ಪಾಚಾಡದಲ್ಲಿ ಅರ್ಧ ಗಂಟೆ ನಿಲ್ಲಿ. ಶಿವಾಜಿಯ ತಾಯಿ ಜೀಜಾಬಾಯಿಯವರ ವಾಡೆ, ಸಮಾಧಿ ಎರಡೂ ಅಲ್ಲಿವೆ. ಮಗನ ಪಟ್ಟಾಭಿಷೇಕವಾಗಿ ಎರಡು ವಾರ ಕಳೆಯುವ ಮೊದಲೇ ತೀರಿಕೊಂಡರು. ಅವರ ಗಂಡ ಶಹಾಜಿಯ ಸಮಾಧಿ ಇರುವುದು ನಮ್ಮ ಚನ್ನಗಿರಿ ತಾಲ್ಲೂಕಿನ ಹೊದಿಗೆರೆಯಲ್ಲಿ, ಊರಿಗೆ ಹೋದಾಗ ಅದನ್ನೂ ನೋಡಿ ಬನ್ನಿ. ಪೆಟ್ರೋಲ್ ಪುಣೆಯಲ್ಲೇ ತುಂಬಿಸಿಕೊಳ್ಳಿ, ಮತ್ತೆ ಸಂಜೆ 4ರೊಳಗೆ ಪಾಚಾಡ ಬಿಟ್ಟರೆ ಕತ್ತಲಾಗುವ ಮೊದಲು ತಾಮ್ಹಿಣಿ ದಾಟಬಹುದು.