ಜೀಪಿಗೆ ಕರೆಂಟ್ ಫ್ಯಾನು: ನಾಲ್ಕು ಭಾನುವಾರದ ಕೆಲಸ

ನಮ್ಮದು ಮೂಡಿಗೆರೆ ಕಡೆಯ ತೋಟದ ಜೀಪು, ಮಹೀಂದ್ರಾ ಎಂಎಂ540. ಗೊಬ್ಬರದ ಚೀಲ, ಕಾಫಿ ಮೂಟೆ, ಮದುವೆಗೆ ಹೊರಟ ನೆಂಟರು, ಎಲ್ಲವನ್ನೂ ಹೊತ್ತಿದೆ. ಒಳಗಿರುವುದು 2112 ಸಿಸಿಯ ಪ್ಯೂಜೊ ಡೀಸೆಲ್ ಇಂಜಿನ್. ರೇಡಿಯೇಟರಿನ ನೀರು ತಣ್ಣಗಾಗಲು ಗಾಳಿ ಎಳೆಯುವ ಅದರ ಫ್ಯಾನ್ ವಾಟರ್ ಪಂಪಿನ ಮೂತಿಗೇ ಕೂತಿದೆ. ಬೆಲ್ಟ್ ತಿರುಗುವಷ್ಟು ಹೊತ್ತೂ ಅದೂ ತಿರುಗಲೇಬೇಕು.

ಕಳೆದ ಮಳೆಗಾಲದಲ್ಲಿ ತೋಟದ ಹಿಂದಿನ ಹಳ್ಳ ದಾಟುವಾಗ ಈ ಫ್ಯಾನ್ ನೀರು ಮುಟ್ಟಿತು. ಬಾನೆಟ್ ಒಳಗೆಲ್ಲ ಕೆಸರಿನ ಓಕುಳಿ. ಬೆಲ್ಟ್ ಕಿರುಚಿತು. ಇಂಥ ಹೊತ್ತಲ್ಲಿ ರೆಕ್ಕೆ ಮುಂದಕ್ಕೆ ಬಾಗಿ ರೇಡಿಯೇಟರನ್ನು ಕೊರೆದುಬಿಡುವುದೂ ಉಂಟು. ನಮ್ಮ ಪುಣ್ಯ, ಹಾಗಾಗಲಿಲ್ಲ. ನೀರಿಗೆ ಇಳಿಯುವ ಮೊದಲು ಆಫ್ ಮಾಡಬಹುದಾದ ಫ್ಯಾನ್ ಬೇಕು ಅಂತ ಆವತ್ತೇ ತೀರ್ಮಾನಿಸಿದೆ.

ನಮ್ಮ ಮೆಕ್ಯಾನಿಕ್‌ಗೆ ಇದು ಸ್ವಲ್ಪವೂ ಇಷ್ಟವಿಲ್ಲ. "ಅಲ್ಲಣ್ಣ, ಕಂಪನಿಯವ್ರು ಸುಮ್ನೆ ಹಾಕಿರ್ತಾರಾ?" ಅವನ ಮಾತಲ್ಲೂ ನ್ಯಾಯವಿದೆ. ಹಳೇ ಫ್ಯಾನಿಗೆ ವೈರಿಲ್ಲ, ಫ್ಯೂಸಿಲ್ಲ, ಸುಡಲು ಮೋಟಾರೂ ಇಲ್ಲ. ಆದರೆ 1960ರಲ್ಲಿ ಬಂದ ಪ್ಯೂಜೊ 404 ಕಾರಿನಲ್ಲೇ, ಇಂಜಿನ್ ಬಿಸಿಯಾದಾಗ ಮಾತ್ರ ಫ್ಯಾನ್ ತಿರುಗುವ ವ್ಯವಸ್ಥೆ ಇತ್ತು. ಇದನ್ನು ಹೇಳಿದ್ದಕ್ಕೆ ಅವನು, "ಹಂಗಾದ್ರೆ ಆ ಕಾರೇ ತಗೋಬೇಕಿತ್ತು" ಅಂದ.

ಮೊದಲ ಭಾನುವಾರ

ಗುಜರಿಯಿಂದ 12 ಇಂಚಿನ ಕಾರ್ ಫ್ಯಾನ್ ತಂದೆ. ಹಳೇ ಫ್ಯಾನ್ ಬಿಚ್ಚುವುದು ಸುಲಭ, ನಾಲ್ಕೇ ಬೋಲ್ಟು. ಆದರೆ ಪುಲ್ಲಿಯನ್ನು ಹಿಡಿದಿರುವುದೂ ಅದೇ ಬೋಲ್ಟುಗಳು. ಫ್ಯಾನ್ ತೆಗೆದ ಮೇಲೆ ಅವು ಉದ್ದವಾದವು, ಎಷ್ಟು ತಿರುಗಿಸಿದರೂ ಪುಲ್ಲಿ ಬಿಗಿಯಾಗಲಿಲ್ಲ. ಅದೇ ಥ್ರೆಡ್ಡಿನ ಗಿಡ್ಡ ಬೋಲ್ಟ್ ಹುಡುಕಲು ಪೇಟೆಗೆ ಎರಡು ಸಲ ಹೋಗಿಬಂದೆ. ಅಲ್ಲಿಗೆ ಆ ದಿನ ಮುಗಿಯಿತು.

ಎರಡನೇ ಭಾನುವಾರ

ವೈರಿಂಗ್. ಬ್ಯಾಟರಿಯಿಂದ ಫ್ಯೂಸ್, ಅಲ್ಲಿಂದ ರಿಲೇಯ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್-ಆಫ್ ಮಾಡುವ ಸ್ವಿಚ್) 30ನೇ ಪಿನ್, ರಿಲೇಯ 87ನೇ ಪಿನ್ನಿಂದ ಫ್ಯಾನಿಗೆ. 86ಕ್ಕೆ ಕೀ ಆನ್ ಆದಾಗ ಬರುವ ಕರೆಂಟು. 85ರಿಂದ ಹೊರಟ ವೈರು ಡ್ಯಾಶ್‌ಬೋರ್ಡಿನ ಸ್ವಿಚ್ಚಿಗೆ ಹೋಗಿ, ಅಲ್ಲಿಂದ ನೀರಿನ ಬಿಸಿಗೆ ತಾನೇ ಆನ್ ಆಗುವ ಥರ್ಮೋ ಸ್ವಿಚ್ಚಿಗೆ. ಹಳ್ಳ ಬಂದಾಗ ಡ್ಯಾಶ್‌ಬೋರ್ಡಿನ ಸ್ವಿಚ್ ಆಫ್ ಮಾಡಿದರೆ ಸಾಕು. ಥರ್ಮೋ ಸ್ವಿಚ್ 92 ಡಿಗ್ರಿಗೆ ಆನ್, 87ಕ್ಕೆ ಆಫ್. ಬಿಸಿ ನೀರನ್ನು ರೇಡಿಯೇಟರಿಗೆ ಬಿಡುವ ಇಂಜಿನ್ನಿನ ಕವಾಟ, ಅಂದರೆ ಥರ್ಮೋಸ್ಟಾಟ್, 82ಕ್ಕೆ ತೆರೆಯುತ್ತದೆ. ಫ್ಯಾನ್ ಅದಕ್ಕಿಂತ ಮೇಲೆಯೇ ಶುರುವಾಗಬೇಕು, ಇಲ್ಲದಿದ್ದರೆ ನಿಲ್ಲುವುದೇ ಇಲ್ಲ.

ನೇರವಾಗಿ ಬ್ಯಾಟರಿ ಕೊಟ್ಟು ನೋಡಿದೆ. ಫ್ಯಾನ್ ಜೋರಾಗಿ ತಿರುಗಿತು, ಖುಷಿಯಾಯಿತು. ಗ್ರಿಲ್ ಮುಂದೆ ಪೇಪರ್ ಹಿಡಿದರೆ ಹಾರಿಹೋಯಿತು! ಒಳಗೆ ಎಳೆಯಬೇಕಾದ ಗಾಳಿಯನ್ನು ಹೊರಗೆ ತಳ್ಳುತ್ತಿತ್ತು. ಎರಡು ವೈರ್ ಅದಲುಬದಲು ಮಾಡಿದ ಮೇಲೆ ಪೇಪರ್ ಗ್ರಿಲ್‌ಗೆ ಅಂಟಿಕೊಂಡು ನಿಂತಿತು. ಆನ್ ಆಗುವ ಕ್ಷಣದಲ್ಲಿ ಮೋಟಾರ್ ಜಾಸ್ತಿ ಕರೆಂಟ್ ಎಳೆಯುತ್ತದೆ. ನಾನು ಹಾಕಿದ್ದ 15 ಆಂಪಿಯರ್ ಫ್ಯೂಸ್ ಎರಡನೇ ಸಲಕ್ಕೇ ಹೋಯಿತು. ವೈರನ್ನೂ ದಪ್ಪದ್ದಕ್ಕೆ ಬದಲಿಸಿ 30ರದ್ದು ಹಾಕಿದೆ. ಬರೀ ಫ್ಯೂಸ್ ದೊಡ್ಡದು ಮಾಡಿದರೆ ಫ್ಯೂಸಿನ ಬದಲು ವೈರೇ ಸುಡುತ್ತದೆ.

ಥರ್ಮೋ ಸ್ವಿಚ್ ಕೂರಿಸಲು ಮೇಲಿನ ಹೋಸ್ ಪೈಪನ್ನು ಕತ್ತರಿಸಿ, ನಡುವೆ ಲೇತ್‌ನಲ್ಲಿ ಮಾಡಿಸಿದ ಅಲ್ಯೂಮಿನಿಯಂ ತುಂಡು ಸೇರಿಸಿದ್ದೆ. ಇಂಜಿನ್ ಬಿಸಿ ಮಾಡಿದೆ. ಮುಳ್ಳು 90 ದಾಟಿತು, 95 ಆಯಿತು, ಫ್ಯಾನ್ ಅಲ್ಲಾಡಲಿಲ್ಲ. ಸ್ವಿಚ್ ಬಿಚ್ಚಿ ಕುದಿಯುವ ನೀರಿಗೆ ಹಾಕಿ ಮೀಟರ್ ಹಿಡಿದರೆ ಸರಿಯಾಗಿಯೇ ಇದೆ. ನೇರವಾಗಿ ಬ್ಯಾಟರಿ ಕೊಟ್ಟರೆ ರಿಲೇಯೂ ಟಿಕ್ ಅನ್ನುತ್ತದೆ. ಎರಡು ಗಂಟೆ ತಲೆ ಕೆರೆದುಕೊಂಡೆ. ಕೊನೆಗೆ ಅದನ್ನು ಕಂಡುಹಿಡಿದವನು ಚಹಾ ಕುಡಿಯಲು ಬಂದ ಮೆಕ್ಯಾನಿಕ್. "ಇದಕ್ಕೆ ಅರ್ತ್ ಎಲ್ಲಿಂದ ಬರ್ಬೇಕಣ್ಣ? ಎರಡೂ ಕಡೆ ರಬ್ಬರ್ ಅಲ್ವಾ?" ಒಂದೇ ಪಿನ್ನಿನ ಸ್ವಿಚ್, ತನ್ನ ಮೈಯಿಂದಲೇ ಅರ್ತ್ (ಕರೆಂಟು ಬ್ಯಾಟರಿಗೆ ಹಿಂದಿರುಗುವ ದಾರಿ) ತಗೊಳ್ಳುವಂಥದ್ದು. ಅದನ್ನು ರಬ್ಬರ್ ಪೈಪುಗಳ ಮಧ್ಯೆ ನೇತುಹಾಕಿದ್ದೆ. ಅಲ್ಯೂಮಿನಿಯಂ ತುಂಡಿಗೆ ಒಂದು ಕ್ಲಾಂಪ್, ಅಲ್ಲಿಂದ ಜೀಪಿನ ಮೈಗೆ ಒಂದು ವೈರು. ಆಗ ಫ್ಯಾನ್ ಗುರ್ ಅಂತ ಶುರುವಾಯಿತು.

ಮೂರನೇ ಭಾನುವಾರ

ಚಾರ್ಮಾಡಿ ಘಾಟಿ ಇಳಿದು ಹತ್ತಿಸಿ ನೋಡುವುದು ಅಂತ ಹೊರಟೆ. ಇಳಿಯುವಾಗ ಫ್ಯಾನ್ ಬೇಕಾಗಲೇ ಇಲ್ಲ. ಉಜಿರೆಯಲ್ಲಿ ಊಟ ಮಾಡಿ ವಾಪಸ್ ಹತ್ತುವಾಗ, ಸೆಕೆಂಡ್ ಗೇರಿನಲ್ಲಿ ನಾಲ್ಕೈದು ತಿರುವು ಆಗುವಷ್ಟರಲ್ಲಿ ಮುಳ್ಳು 100 ದಾಟಿತು. ಫ್ಯಾನ್ ಒಂದೇ ಸಮನೆ ತಿರುಗುತ್ತಲೇ ಇದೆ. ಮೂರು ಕಡೆ ನಿಲ್ಲಿಸಿ, ಜಲಪಾತ ನೋಡುವವನ ಹಾಗೆ ಪೋಸ್ ಕೊಟ್ಟೆ.

ತಪ್ಪು ನನ್ನದೇ. ಫ್ಯಾನನ್ನು ರೇಡಿಯೇಟರ್ ಜಾಲರಿಗೇ ಪ್ಲಾಸ್ಟಿಕ್ ಟೈನಿಂದ ಬಿಗಿದಿದ್ದೆ. ಜಾಲರಿ ಸುಮಾರು 18ಕ್ಕೆ 20 ಇಂಚು, ಅಂದರೆ 360 ಚದರ ಇಂಚು. ಫ್ಯಾನಿನ ಸುತ್ತಳತೆಯೊಳಗೆ ಬರುವುದು 113. ಗಾಳಿ ಹಾಯುತ್ತಿದ್ದದ್ದು ಮೂರನೇ ಒಂದು ಭಾಗಕ್ಕೂ ಕಡಿಮೆ ಜಾಗದಲ್ಲಿ, ಉಳಿದದ್ದು ದಂಡ.

ನಾಲ್ಕನೇ ಭಾನುವಾರ

ಅಲ್ಯೂಮಿನಿಯಂ ಶೀಟಿನಿಂದ ಇಡೀ ಜಾಲರಿ ಮುಚ್ಚುವ ಶ್ರೌಡ್ (ಎಲ್ಲ ಕಡೆಯ ಗಾಳಿಯನ್ನೂ ಫ್ಯಾನಿನತ್ತ ತರುವ ಹೊದಿಕೆ) ಮಾಡಿದೆ, ಜಾಲರಿಯಿಂದ ಎರಡು ಇಂಚು ದೂರದಲ್ಲಿ. ಅಂಚಿಗೆಲ್ಲ ಬಾಗಿಲ ಬೀಡಿಂಗ್ ರಬ್ಬರ್, ಪಕ್ಕದಿಂದ ಗಾಳಿ ಕದಿಯದಂತೆ. ಜೋರಾಗಿ ಓಡುವಾಗ ಎದುರು ಗಾಳಿಗೆ ಈ ಶೀಟೇ ಅಡ್ಡ ಬರುತ್ತದೆ. ಅದಕ್ಕೆ ಮೂಲೆಗಳಲ್ಲಿ ಕಿಂಡಿ ಕತ್ತರಿಸಿ, ಹಿಂಬದಿಗೆ ಹಳೇ ಲಾರಿ ಟ್ಯೂಬಿನ ತುಂಡು ನೇತುಹಾಕಿದೆ. ಗಾಳಿ ತಳ್ಳಿದರೆ ತೆರೆದುಕೊಳ್ಳುತ್ತದೆ, ಫ್ಯಾನ್ ಎಳೆದರೆ ಮುಚ್ಚಿಕೊಳ್ಳುತ್ತದೆ.

ಮತ್ತೆ ಚಾರ್ಮಾಡಿ. ಅದೇ ಫ್ಯಾನು, ಅದೇ ಗೇರು. ಮುಳ್ಳು 94 ದಾಟಲಿಲ್ಲ. ಕೊಟ್ಟಿಗೆಹಾರದಲ್ಲಿ ನಿಲ್ಲಿಸಿ ನೀರುದೋಸೆ ತಿಂದು ಬರುವಷ್ಟರಲ್ಲಿ ಇಂಜಿನ್ ತಣ್ಣಗಾಗಿತ್ತು.

ಮೈಲೇಜ್ ಬಗ್ಗೆ ಎಲ್ಲರೂ ಕೇಳುತ್ತಾರೆ. ನನ್ನ ಲೆಕ್ಕದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಬೆಳಿಗ್ಗೆ ಇಂಜಿನ್ ಬೇಗ ಬಿಸಿಯಾಗುತ್ತದೆ, ಹೊಗೆ ಕಡಿಮೆ, ಆ ಹಳೇ ಬಿರುಗಾಳಿ ಸದ್ದಿಲ್ಲ. ರಾತ್ರಿ ಹೆಡ್‌ಲೈಟ್ ಜೊತೆ ಫ್ಯಾನೂ ಓಡಿದರೆ ಆಲ್ಟರ್ನೇಟರ್ ಮೇಲೆ 20 ಆಂಪಿಯರ್ ಬೀಳುತ್ತದೆ, ಸದ್ಯಕ್ಕೆ ತಡೆದುಕೊಂಡಿದೆ. ಹಳೇ ಫ್ಯಾನು, ಉದ್ದದ ನಾಲ್ಕು ಬೋಲ್ಟು ಗೋಣಿಚೀಲದಲ್ಲಿ ಸೀಟಿನ ಹಿಂದೆ ಇವೆ. ಅದು ಮೆಕ್ಯಾನಿಕ್ ಹಾಕಿದ ಷರತ್ತು.

ಹಳ್ಳದಲ್ಲಿ ಈಗ ಪಾದ ಮುಳುಗುವಷ್ಟೂ ನೀರಿಲ್ಲ. ಜೂನ್ ಬರಲಿ.