ಬೇಸ್ ಗಿಟಾರ್ ಅಂದ್ರೆ ಬರೀ ಧುಂ ಧುಂ ಅಲ್ಲ

ಹಾಸನದಲ್ಲಿ ಗಣಪತಿ ಪೆಂಡಾಲಿನ ಆರ್ಕೆಸ್ಟ್ರಾ ನೋಡಿದವರಿಗೆ ಗೊತ್ತಿರುತ್ತೆ, ತಗ್ಗಿನ ಸ್ವರಗಳನ್ನು ನುಡಿಸುವ ಬೇಸ್ ಗಿಟಾರ್‌ನವನು ಡ್ರಮ್ಸ್ ಪಕ್ಕ ಕತ್ತಲಲ್ಲಿ ನಿಂತಿರುತ್ತಾನೆ, ನಿರೂಪಕರು ಎಲ್ಲರ ಹೆಸರು ಹೇಳಿ ಅವನನ್ನೇ ಮರೆಯುತ್ತಾರೆ. ಈಗ ಎಷ್ಟೋ ಕಡೆ ಅವನೂ ಇಲ್ಲ. ಕೀಬೋರ್ಡಿನವನ ಎಡಗೈಯೇ ಸಾಕು!

ಈ ಮಳೆಗೆ ಸುಮ್ನೆ ಕೂತು ಅಮೆರಿಕದ ಬೇಸ್ ವಾದಕ ಜಾಕೋ ಪಾಸ್ಟೋರಿಯಸ್‌ನ 1976ರ ಆಲ್ಬಮ್ ಹಾಕಿದ್ದೇನೆ. ಮೊದಲ ಟ್ರ್ಯಾಕಿನಲ್ಲಿ ಬೇಸ್ ಮತ್ತು ಕಾಂಗಾ ಡ್ರಮ್ ಬಿಟ್ಟರೆ ಬೇರೇನೂ ಇಲ್ಲ. ಸ್ಯಾಕ್ಸೊಫೋನ್‌ನವರೇ ಬೆವರುವಂಥ ಟ್ಯೂನನ್ನು ಈ ಪುಣ್ಯಾತ್ಮ ದಪ್ಪ ತಂತಿಗಳ ಮೇಲೆ ಆರಾಮಾಗಿ ಹಾಡಿಸುತ್ತಾನೆ. ಅವನ ಬೇಸಿನಲ್ಲಿ ಸ್ವರದ ಜಾಗ ಗುರುತಿಸುವ ಲೋಹದ ಅಡ್ಡಪಟ್ಟಿ, ಅಂದ್ರೆ ಫ್ರೆಟ್‌ಗಳೇ ಇರಲಿಲ್ಲ, ಮರ ಸವೆಯಬಾರದು ಅಂತ ದೋಣಿಗೆ ಬಳಿಯುವ ಎಪಾಕ್ಸಿ ಬಳಿದಿದ್ದ. ತಡೆ ಇಲ್ಲದ್ದರಿಂದ ಬೆರಳು ಜಾರುತ್ತೆ, ಸ್ವರ ಬಾಗುತ್ತೆ. ನಮ್ಮ ಪಿಟೀಲಿನ ಗಮಕ ಕೇಳಿ ಬೆಳೆದ ಕಿವಿಗೆ ಇದೇನು ಹೊಸದಲ್ಲ ಅಲ್ವಾ, ಆದರೂ ಮೈ ಜುಮ್ಮೆನ್ನುತ್ತೆ.

ಅಮೆರಿಕದ ಇನ್ನೊಬ್ಬ ಬೇಸ್ ವಾದಕ ಲ್ಯಾರಿ ಗ್ರಹಾಂ ಕಥೆ ಇನ್ನೂ ಮಜಾ. ಅಮ್ಮನ ಜೊತೆ ನುಡಿಸುವಾಗ ಡ್ರಮ್ಮರ್ ಇಲ್ಲದೇ ಹೋದ. ಸರಿ, ಹೆಬ್ಬೆರಳಲ್ಲಿ ತಂತಿ ಗುದ್ದಿ ಕಾಲಲ್ಲಿ ಬಾರಿಸುವ ಕಿಕ್ ಡ್ರಮ್ಮಿನ ಸದ್ದು, ಇನ್ನೊಂದು ಬೆರಳಲ್ಲಿ ಎಳೆದು ಬಿಟ್ಟು ಕೋಲಲ್ಲಿ ಬಾರಿಸುವ ಸ್ನೇರ್ ಡ್ರಮ್ಮಿನ ಸದ್ದು! ಬೇಸ್ ಗಿಟಾರಿನಲ್ಲಿ ಹೀಗೆ ತಂತಿ ಹೊಡೆದು ನುಡಿಸುವ ‘ಸ್ಲ್ಯಾಪ್’ ಶೈಲಿ ಹುಟ್ಟಿದ್ದು ಹಾಗೆ. ದುಡ್ಡಿಲ್ಲದ ಬ್ಯಾಂಡ್‌ಗಳಿಂದಲೇ ಒಳ್ಳೇ ಐಡಿಯಾ ಬರೋದು ಅನ್ನೋದು ನನ್ನ ಅನುಮಾನ.

ಮುಂಬೈನ ಬೇಸ್ ವಾದಕಿ ಮೋಹಿನಿ ಡೇ ಅವರನ್ನೂ ಕೇಳಿ, ಬಾಯಲ್ಲಿ ತಾಳದ ಸೊಲ್ಲು ಹೇಳುವ ಕೊನ್ನಕೋಲಿನ ಲೆಕ್ಕವನ್ನೆಲ್ಲ ಬೇಸಿಗೆ ಇಳಿಸುತ್ತಾರೆ. ಮೊಬೈಲ್ ಸ್ಪೀಕರಲ್ಲಿ ಮಾತ್ರ ಬೇಡ ಮಾರಾಯ್ರೆ, ಅದರಲ್ಲಿ ಬೇಸ್ ಸರಿಯಾಗಿ ಕೇಳೋದೇ ಇಲ್ಲ. ಇಯರ್‌ಫೋನ್ ಹಾಕ್ಕೊಳ್ಳಿ.