ಸೇತುವೆಗೇಕೆ ಸೂರು?

ಅಮೆರಿಕದಲ್ಲಿ ನೌಕರಿಯಲ್ಲಿರುವ ನನ್ನ ತಂಗಿಯ ಮಗ ಕಳುಹಿಸಿದ ಚಿತ್ರಗಳಲ್ಲಿ, ಎರಡೂ ಮಗ್ಗುಲಿಗೆ ಹಲಗೆಯ ಗೋಡೆ, ಮೇಲೆ ಇಳಿಜಾರು ಚಾವಣಿ ಇರುವ ಮರದ ಸೇತುವೆಯೊಂದಿತ್ತು. ಹಿಮ ಬೀಳುವ ನಾಡಾದ್ದರಿಂದ ದಾರಿಹೋಕರ ಆಸರೆಗೆಂದು ಸೂರು ಹಾಕಿರಬೇಕೆಂದು ಮನೆಮಂದಿ ಮಾತಾಡಿಕೊಂಡರು. ಗಂಗಾವತಿಯ ನಮ್ಮ ಓಣಿಯಲ್ಲಿರುವ ಹಿರಿಯ ಬಡಿಗೇರರೊಬ್ಬರು ಮಾತ್ರ ಮೊಬೈಲನ್ನು ಕಣ್ಣ ಹತ್ತಿರ ಹಿಡಿದು ನೋಡಿ, “ಇದು ಮಂದಿ ಸಲುವಾಗಿ ಹಾಕಿದ್ದಲ್ರೀ ಸರ್, ತೊಲಿ ಸಲುವಾಗಿ ಹಾಕಿದ್ದು” ಎಂದರು.

ಅವರ ಮಾತೇ ಸರಿ. ಹಿಮದ ಕಾಲದಲ್ಲಿ ಜಾರುಗಾಡಿಗಳು ಸಾಗಲೆಂದು ಅಲ್ಲಿಯವರು ಹೊರಗಿನ ಹಿಮವನ್ನು ಸಲಿಕೆಯಿಂದ ತಂದು ಸೇತುವೆಯೊಳಗೆ ಹರವಬೇಕಾಗುತ್ತಿತ್ತು ಎಂದ ಮೇಲೆ ಸೂರು ಪಯಾಣಿಗರ ಉಪಕಾರಕ್ಕಲ್ಲವೆಂಬುದು ಸ್ಪಷ್ಟ. ಮರದ ಸೇತುವೆಯ ಭಾರ ಹೊರುವುದು ಪಕ್ಕಗಳಲ್ಲಿ ಓರೆಯಾಗಿ ಹೆಣೆದ ತೊಲೆಗಳ ಚೌಕಟ್ಟು. ಅದು ಕೆಡುವುದು ತೊಲೆಗಳು ಕೂಡುವ ಸಂದುಗಳಲ್ಲಿ ನೀರು ನಿಂತಾಗ. ನಮ್ಮ ಕಡೆಯ ಮಣ್ಣಿನ ಮಾಳಿಗೆ ಸೋರಿದರೆ ಜಂತಿಯು ನಡುವೆ ಗಟ್ಟಿಯಾಗಿದ್ದರೂ ಗೋಡೆಯೊಳಗೆ ಹುದುಗಿದ ತುದಿಯಲ್ಲಿ ಮೊದಲು ಕೊಳೆಯುವಂತೆಯೇ ಇದೂ. ಬಯಲಿಗೆ ಬಿಟ್ಟ ಮರದ ಸೇತುವೆ ಹತ್ತಿಪ್ಪತ್ತು ವರ್ಷ ಬಾಳಿದರೆ ಹೆಚ್ಚು. ಸೂರಿನಡಿ ಇರುವುದು ನೂರು ವರ್ಷ ದಾಟುತ್ತದೆ. ಬಿಸಿಲು ಮಳೆಗಳಿಗೆ ಹಾಳಾಗುವ ಹೊರಹಲಗೆಯನ್ನೂ ಚಾವಣಿಯನ್ನೂ ಆಗಾಗ ಬದಲಿಸಿದರಾಯಿತು, ಒಳಗಿನ ದುಬಾರಿ ಮರ ಉಳಿಯುತ್ತದೆ. 1805ರಲ್ಲಿ ಫಿಲಡೆಲ್ಫಿಯಾದ ಸೇತುವೆಗೆ ಸೂರು ಹಾಕಿಸಬೇಕೆಂದು ಒತ್ತಾಯಿಸಿದವರು ಅದನ್ನು ಕಟ್ಟಿದ ಟಿಮೊಥಿ ಪಾಮರ್ ಅಲ್ಲ, ಕಟ್ಟಿಸಿದ ಕಂಪನಿಯ ಅಧ್ಯಕ್ಷರಾಗಿದ್ದ ನ್ಯಾಯಾಧೀಶ ರಿಚರ್ಡ್ ಪೀಟರ್ಸ್. ಹಣ ಹಾಕಿದವರಿಗೆ ಇಂಥವು ಬೇಗ ಹೊಳೆಯುತ್ತವೆ.

ಚಿತ್ರದಲ್ಲಿದ್ದದ್ದು ವರ್ಮಾಂಟಿನ ವಿಂಡ್ಸರ್ ಮತ್ತು ನ್ಯೂ ಹ್ಯಾಂಪ್‌ಶೈರಿನ ಕಾರ್ನಿಶ್ ಎಂಬ ಊರುಗಳ ನಡುವೆ, ಕನೆಕ್ಟಿಕಟ್ ನದಿಗೆ 1866ರಲ್ಲಿ ಕಟ್ಟಿದ ಸೇತುವೆ. ಅದೇ ಜಾಗದಲ್ಲಿದ್ದ ಮೂರು ಸೇತುವೆಗಳನ್ನು ಪ್ರವಾಹ ಮೊದಲೇ ಕೊಂಡೊಯ್ದಿತ್ತು. ಜೇಮ್ಸ್ ಟಾಸ್ಕರ್ ಮತ್ತು ಬೆಲಾ ಫ್ಲೆಚರ್ 9,000 ಡಾಲರ್ ವೆಚ್ಚದಲ್ಲಿ ಕಟ್ಟಿದ ನಾಲ್ಕನೆಯದು ಸುಮಾರು 137 ಮೀಟರ್ ಉದ್ದವಿದ್ದು, ನದಿಯ ನಡುವೆ ಒಂದೇ ಕಂಬವನ್ನು ಆಧರಿಸಿ ಎರಡು ಅಂಕಣಗಳಲ್ಲಿ ನಿಂತಿದೆ. 1943ರವರೆಗೆ ಅಲ್ಲಿ ಸುಂಕ ವಸೂಲಾಗುತ್ತಿತ್ತು. ಕುದುರೆಗಳನ್ನು ನಡೆಸಿಕೊಂಡೇ ಹೋಗಿ, ಓಡಿಸಿದರೆ ಎರಡು ಡಾಲರ್ ದಂಡ ಎಂಬ ಫಲಕ ಇಂದಿಗೂ ಇದೆ. ಈಗ ಅದರೊಳಗೆ ಕಾರುಗಳು ಓಡುತ್ತವೆ.

ಆದರೂ ಸೂರು ಮಳೆಯನ್ನು ತಡೆದೀತೇ ಹೊರತು ಹೊಳೆಯನ್ನಲ್ಲ. ನ್ಯೂಯಾರ್ಕ್ ರಾಜ್ಯದ ಹಳ್ಳಿಗಾಡಿನಲ್ಲಿ 1855ರಿಂದ ನಿಂತಿದ್ದ ಬ್ಲೆನ್‌ಹೈಮ್ ಸೇತುವೆ 2011ರ ಆಗಸ್ಟ್ 28ರಂದು ಐರಿನ್ ಚಂಡಮಾರುತದ ನೆರೆಗೆ ಕೊಚ್ಚಿಹೋಯಿತು. ಬೆಂಕಿಯ ಭಯ ಬೇರೆ: ಸ್ವಿಟ್ಜರ್ಲೆಂಡಿನ ಲೂಸರ್ನ್ ನಗರದಲ್ಲಿ 14ನೆಯ ಶತಮಾನದ ಸೇತುವೆಯ ಹೆಚ್ಚಿನ ಭಾಗ 1993ರ ಆಗಸ್ಟ್‌ನಲ್ಲಿ ಸುಟ್ಟುಹೋಗಿ, ಸೂರಿನ ಕೆಳಗಿದ್ದ 17ನೆಯ ಶತಮಾನದ ವರ್ಣಚಿತ್ರಗಳಲ್ಲಿ ಬಹುಪಾಲು ನಾಶವಾದವು.

ಇಂಥ ಸೇತುವೆ ನಮ್ಮ ತುಂಗಭದ್ರೆಗೆ ಒಗ್ಗುತ್ತಿರಲಿಲ್ಲವೆಂದೇ ನನ್ನ ಎಣಿಕೆ. ಅಣೆಕಟ್ಟೆಯಿಂದ ಹೆಚ್ಚು ನೀರು ಬಿಟ್ಟಾಗ ಕಂಪ್ಲಿಯ ಸೇತುವೆಯೇ ಮುಳುಗಿ ಗಂಗಾವತಿಯ ದಾರಿ ಕಡಿಯುವುದನ್ನು ಕಂಡವರು ಮರದ ಮನೆಯೊಂದನ್ನು ಈ ಹೊಳೆಯ ಮೇಲೆ ಕಲ್ಪಿಸಿಕೊಳ್ಳಲಾರರು. ವಿಜಯನಗರದವರು ಹಂಪಿಯಿಂದ ಆನೆಗುಂದಿಯ ಕಡೆಗೆ ಸೇತುವೆ ಕಟ್ಟಿದಾಗ ನೆಚ್ಚಿಕೊಂಡದ್ದು ಕಣಶಿಲೆಯ ಕಂಬಗಳನ್ನು. ಮೇಲಿನ ಹಾಸು ಹೋದರೂ ಸಾಲುಗಂಬಗಳು ನದಿಯಲ್ಲಿ ನಿಂತಿವೆ. ಸುಮಾರು 1520ರಲ್ಲಿ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಇಲ್ಲಿಯ ಜನ ಹೊಳೆ ದಾಟುತ್ತಿದ್ದ ಹರಿಗೋಲನ್ನೇ ವರ್ಣಿಸಿದ್ದಾನೆ: ಒಳಗೆ ಬೆತ್ತದ ಹೆಣಿಗೆ, ಹೊರಗೆ ಚರ್ಮದ ಹೊದಿಕೆ, ಹದಿನೈದಿಪ್ಪತ್ತು ಜನ ಹಿಡಿಯುವ ಅದು ನೇರವಾಗಿ ಸಾಗದೆ ಗಿರಗಿರನೆ ತಿರುಗುತ್ತಲೇ ಹೋಗುತ್ತದೆ ಎಂದು.

ಹಂಪಿಗೆ ಬಂದವರು ಕಲ್ಲಿನ ರಥದ ಮುಂದೆ ಫೋಟೊ ತೆಗೆಸಿಕೊಳ್ಳುವ ಅವಸರದಲ್ಲಿ ಈ ಕಂಬಗಳತ್ತ ತಿರುಗಿಯೂ ನೋಡುವುದಿಲ್ಲ. ಬೇಸಿಗೆಯಲ್ಲಿ ಹೊಳೆ ಇಳಿದಾಗ, ವಿಠ್ಠಲ ದೇವಾಲಯದಿಂದ ಪುರಂದರದಾಸರ ಮಂಟಪದವರೆಗೆ ನಡೆದರೆ ಅವು ಚೆನ್ನಾಗಿ ಕಾಣುತ್ತವೆ. ಬಿಸಿಲೇರುವ ಮೊದಲೇ ಹೋಗುವುದು ಒಳ್ಳೆಯದು.